ಬ್ರಿಟನ್‌ನಲ್ಲಿ ಬಾಡಿಗೆ ಮನೆಯ ಡೆಪಾಸಿಟ್ ವಾಪಸ್ ಕೇಳುವ ಪತ್ರ

ಶಾಲೆಯಲ್ಲಿ ನಾವೆಲ್ಲ ಒಂದೇ ಅಚ್ಚಿನ ಪತ್ರ ಬರೆದು ಬೆಳೆದವರು. ಮೇಲೆ "ಇಂದ", ಅದರ ಕೆಳಗೆ "ಗೆ", ಆಮೇಲೆ "ಮಾನ್ಯರೇ", "ವಿಷಯ", ಕೊನೆಗೆ "ತಮ್ಮ ವಿಶ್ವಾಸಿ". ಇಂಗ್ಲಿಷ್‌ನಲ್ಲೂ ಅದೇ: ಫ್ರಮ್, ಟು, ರೆಸ್ಪೆಕ್ಟೆಡ್ ಸರ್, ಥ್ಯಾಂಕಿಂಗ್ ಯು. ಜ್ವರ ಬಂದು ರಜೆ ಕೇಳುವಾಗಲೂ ಅದೇ, ಬೀದಿ ದೀಪ ಕೆಟ್ಟಿದೆ ಅಂತ ಬರೆಯುವಾಗಲೂ ಅದೇ. ಆ ಪತ್ರದ ಜೀವಾಳ ವಿನಂತಿ. ಓದುವವರು ಮನಸ್ಸು ಮಾಡಿದರೆ ನಮ್ಮ ಕೆಲಸ ಆಗುತ್ತದೆ.

ಬ್ರಿಟನ್‌ನಲ್ಲಿ ಪತ್ರ ಅಂದ್ರೆ ಮೊದಲಿಗೆ ದಾಖಲೆ. ಏನಾಯಿತು, ಯಾವತ್ತು ಆಯಿತು, ನಿಮಗೆ ಏನು ಬೇಕು, ಯಾವತ್ತಿನೊಳಗೆ ಬೇಕು. ಈ ನಾಲ್ಕು ಇದ್ದರೆ ಅರ್ಧ ಪುಟ ಸಾಕು. ಇವು ಇಲ್ಲದಿದ್ದರೆ ನಾಲ್ಕು ಪುಟ ಬರೆದರೂ ಪ್ರಯೋಜನವಿಲ್ಲ.

ಇಂಗ್ಲೆಂಡ್‌ನ ರೆಡಿಂಗ್ ಊರಲ್ಲಿ ನಮ್ಮ ಮೊದಲ ಬಾಡಿಗೆ ಮನೆ ಖಾಲಿ ಮಾಡಿದಾಗ ನನಗೆ ಇದು ಅರ್ಥವಾಯಿತು. ಹಾಲ್‌ನ ಕಾರ್ಪೆಟ್ ಸವೆದಿದೆ ಅಂತ ಏಜೆಂಟರು ಡೆಪಾಸಿಟ್‌ನಲ್ಲಿ 280 ಪೌಂಡ್ ಹಿಡಿದುಕೊಂಡರು. ನಾನು ಎರಡು ಪುಟ ಬರೆದೆ. ನಾವು ಚಪ್ಪಲಿ, ಶೂ ಯಾವತ್ತೂ ಬಾಗಿಲ ಹೊರಗೇ ಬಿಡುವವರು, ಮನೆಯನ್ನು ಸ್ವಂತ ಮನೆಯಂತೆ ನೋಡಿಕೊಂಡಿದ್ದೇವೆ, ದಯವಿಟ್ಟು ಪರಿಶೀಲಿಸಿ ಅಂತೆಲ್ಲ. ಬರೆದದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಉತ್ತರ ಮಾತ್ರ ಒಂದೇ ಸಾಲು: ಕಡಿತದಲ್ಲಿ ಬದಲಾವಣೆ ಇಲ್ಲ.

ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಆ ಪತ್ರ ಓದಿ ಕೇಳಿದರು: "ಇದರಲ್ಲಿ ನೀನು ಎಷ್ಟು ದುಡ್ಡು ಕೇಳಿದ್ದೀಯ?" ಹುಡುಕಿದೆ. ಮೊತ್ತವನ್ನೇ ಬರೆದಿರಲಿಲ್ಲ.

ಎರಡನೇ ಪತ್ರದಲ್ಲಿ ಚಪ್ಪಲಿಯ ಮಾತು ಬರಲಿಲ್ಲ. ಅದರ ಬದಲು ಇನ್ವೆಂಟರಿ ಬಂತು. ಮನೆಗೆ ಸೇರುವ ದಿನ ಏಜೆಂಟರೇ ಮಾಡಿಕೊಡುವ ಪಟ್ಟಿ ಅದು. ಅದರ ನಾಲ್ಕನೇ ಪುಟದಲ್ಲಿ, ಬಾಗಿಲ ಹತ್ತಿರ ಕಾರ್ಪೆಟ್ ಸ್ವಲ್ಪ ಸವೆದಿದೆ ಅಂತ ಅವರೇ ಬರೆದಿದ್ದರು. ಆ ಪುಟದ ಪ್ರತಿ ಲಗತ್ತಿಸಿದೆ. ಕೊನೆಯ ಸಾಲು ಹೀಗಿತ್ತು: "ಪ್ಲೀಸ್ ರಿಟರ್ನ್ ದಿ ರಿಮೇನಿಂಗ್ 280 ಪೌಂಡ್ಸ್ ವಿದಿನ್ 14 ಡೇಸ್ ಆಫ್ ದಿ ಡೇಟ್ ಆಫ್ ದಿಸ್ ಲೆಟರ್." ಒಂಬತ್ತನೇ ದಿನ ದುಡ್ಡು ಖಾತೆಗೆ ಬಂತು.

ಇದರ ಹಿಂದೆ ಕಾನೂನಿನ ಬಲ ಇದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೂ ಸುಮ್ನೆ ಬಂದು ಅಭ್ಯಾಸ ನಮಗೆ. ಇಂಗ್ಲೆಂಡ್‌ನಲ್ಲಿ ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. 2019ರ ಟೆನೆಂಟ್ ಫೀಸ್ ಆಕ್ಟ್ ಹಾಗೆ ಹೇಳುತ್ತದೆ. ತಿಂಗಳಿಗೆ 1,000 ಪೌಂಡ್ ಬಾಡಿಗೆ ಆದರೆ ಸುಮಾರು 1,150 ಪೌಂಡ್. ಆ ದುಡ್ಡನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರ ರಕ್ಷಣೆಗೆ ಒಪ್ಪಿಸಬೇಕು: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್. ಹಾಗೆ ಮಾಡದ ಮಾಲೀಕರು ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ಕೊಡಬೇಕೆಂದು ಕೋರ್ಟ್ ಆದೇಶಿಸಬಹುದು. ಸಹಜವಾಗಿ ಸವೆದದ್ದಕ್ಕೆ ದುಡ್ಡು ಹಿಡಿಯುವಂತಿಲ್ಲ. ಇಂಗ್ಲಿಷ್‌ನಲ್ಲಿ ಇದಕ್ಕೆ "ಫೇರ್ ವೇರ್ ಅಂಡ್ ಟೇರ್" ಅನ್ನುತ್ತಾರೆ. ಪತ್ರದಲ್ಲಿ ಇದೇ ಪದ ಬಳಸಿ.

ಇನ್ನು ಪತ್ರದ ಮೈಕಟ್ಟು. ನಿಮ್ಮ ವಿಳಾಸ ಬಲಗಡೆ ಮೇಲೆ, ಅವರದ್ದು ಅದರ ಕೆಳಗೆ ಎಡಗಡೆ. ಫ್ರಮ್, ಟು ಅಂತ ಬರೆಯುವುದು ಬೇಡ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ "ಡಿಯರ್ ಸರ್ ಆರ್ ಮೇಡಮ್", ಕೊನೆಗೆ "ಯುವರ್ಸ್ ಫೇಯ್ತ್‌ಫುಲಿ". ಹೆಸರು ಗೊತ್ತಿದ್ದರೆ ಮಿಸ್ಟರ್ ಅಥವಾ ಮಿಸ್ ಜೊತೆ ಅವರ ಮನೆತನದ ಹೆಸರು, ಕೊನೆಗೆ "ಯುವರ್ಸ್ ಸಿನ್ಸಿಯರ್ಲಿ". ನಮ್ಮಲ್ಲಿ ತುಂಬಾ ಜನಕ್ಕೆ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ, ಅಲ್ವಾ? ಬಾಡಿಗೆ ಕರಾರಿನಲ್ಲಿ ಹೆಸರು ಹೇಗಿದೆಯೋ ಪತ್ರದಲ್ಲೂ ಹಾಗೇ ಬರೆಯಿರಿ. ಇಲ್ಲದಿದ್ದರೆ ಕಡತದಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರಾಗಿಬಿಡುತ್ತೀರಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬೇರೆ ಇದೆ. "ಪ್ಲೀಸ್ ಡು ದಿ ನೀಡ್‌ಫುಲ್" ಬರೆಯಬೇಡಿ. ನಮಗೆ ಅದು ಮರ್ಯಾದೆಯ ಮಾತು, ನನಗೂ ಅದರ ಮೇಲೆ ಪ್ರೀತಿ ಇದೆ. ಆದರೆ ಏನು ಮಾಡಬೇಕು ಅನ್ನುವ ತೀರ್ಮಾನವನ್ನು ಅದು ಓದುವವರ ಕೈಗೇ ಬಿಡುತ್ತದೆ. ಅವರಿಗೆ ಬೇಕಾದ್ದು ಅವರು ಮಾಡುತ್ತಾರೆ. ಮರ್ಯಾದೆಗೆ ಒಂದು ಪ್ಲೀಸ್ ಸಾಕು, ಕ್ಷಮೆ ಕೇಳುತ್ತಾ ಶುರು ಮಾಡಬೇಕಾಗಿಲ್ಲ. ಹಾಗಂತ ಸಿಟ್ಟೂ ಬೇಡ. ಮೋಸ, ಕಳ್ಳತನ ಅಂತ ಬರೆದರೆ, ಮುಂದೆ ತಕರಾರು ಹಾಕಿದಾಗ ತೀರ್ಪು ಕೊಡುವವರ ಕಣ್ಣಿಗೆ ನಿಮ್ಮ ಕಾರ್ಪೆಟ್‌ಗಿಂತ ಮೊದಲು ನಿಮ್ಮ ಕೋಪ ಬೀಳುತ್ತದೆ.

ಇಮೇಲ್ ಕಳಿಸಿದರೂ ಆಗುತ್ತದೆ. ಅಂಚೆಯಲ್ಲಿ ಕಳಿಸುವುದಾದರೆ ಪೋಸ್ಟ್ ಆಫೀಸ್ ಕೌಂಟರ್‌ನಲ್ಲಿ "ಪ್ರೂಫ್ ಆಫ್ ಪೋಸ್ಟಿಂಗ್" ಕೇಳಿ. ಅದಕ್ಕೆ ದುಡ್ಡಿಲ್ಲ. ಆ ಚೀಟಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿಡಿ.

14 ದಿನ ಕಳೆದರೂ ಉತ್ತರ ಇಲ್ಲವೇ? ಡೆಪಾಸಿಟ್ ಯಾವ ಯೋಜನೆಯಲ್ಲಿದೆಯೋ ಅಲ್ಲೇ ತಕರಾರು ಹಾಕಬಹುದು. ಆ ಸೇವೆ ಉಚಿತ. ಅಲ್ಲಿ ತೀರ್ಪು ಕೊಡುವವರು ನಿಮ್ಮ ಮನೆಗೆ ಬರುವುದಿಲ್ಲ, ನಿಮ್ಮನ್ನು ನೋಡುವುದೂ ಇಲ್ಲ. ಕಳಿಸಿದ ಕಾಗದ, ಫೋಟೋ ನೋಡಿ ತೀರ್ಮಾನಿಸುತ್ತಾರೆ. ಕಡಿತ ಸರಿ ಅಂತ ತೋರಿಸಬೇಕಾದವರು ಮಾಲೀಕರು, ನೀವಲ್ಲ.

ಈಗಷ್ಟೇ ಬಾಡಿಗೆ ಮನೆಗೆ ಬಂದಿದ್ದೀರಾ? ಹಾಗಾದರೆ ಮೊದಲ ಪತ್ರ ಇವತ್ತೇ ಬರೆಯಿರಿ. ಇನ್ವೆಂಟರಿ ಹಿಡಿದು ಕೋಣೆ ಕೋಣೆ ಸುತ್ತಿ. ಅದರಲ್ಲಿ ಬಿಟ್ಟುಹೋದ ಕಲೆ, ಗೀರು, ಕಿಟಕಿಯ ಬೂಷ್ಟು, ಎಲ್ಲದರ ಫೋಟೋ ತೆಗೆದು ಏಜೆಂಟರಿಗೆ ಇಮೇಲ್ ಮಾಡಿ. ಇವನ್ನೂ ಪಟ್ಟಿಗೆ ಸೇರಿಸಿ, ಸೇರಿಸಿದ್ದೇವೆ ಅಂತ ಉತ್ತರ ಕೊಡಿ ಎಂದು ಕೇಳಿ.