ಇಪ್ಪತ್ತು ಜನ ದಾಟಿದ ವರ್ಕ್‌ಶಾಪ್‌ನಲ್ಲಿ ಯಾರ ಮಾತು ಯಾರು ಕೇಳಬೇಕು?

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಷಿನ್) ಶಾಪ್ ನಡೆಸುತ್ತಿರುವವರಿಗೆ ಇದು. ಏಳೆಂಟು ಜನ ಇರುವಾಗ ಓನರ್ ಒಬ್ಬರೇ ಎಲ್ಲ ನೋಡಿಕೊಂಡರೂ ಹೇಗೋ ನಡೆಯುತ್ತದೆ. ಇಪ್ಪತ್ತು ದಾಟಿದ ಮೇಲೂ ಅದೇ ಅಭ್ಯಾಸ ಇಟ್ಟುಕೊಂಡರೆ ಇನ್ಸರ್ಟ್ (ಟೂಲ್‌ನ ಬದಲಾಯಿಸುವ ಕತ್ತರಿಸುವ ತುದಿ) ತರಿಸುವುದಕ್ಕೂ, ಅರ್ಧ ದಿನದ ರಜಕ್ಕೂ, ಅಡ್ವಾನ್ಸ್‌ಗೂ ಎಲ್ಲರೂ ನಿಮ್ಮ ಕ್ಯಾಬಿನ್ ಬಾಗಿಲಲ್ಲೇ ನಿಂತಿರುತ್ತಾರೆ, ನೀವು ಕಸ್ಟಮರ್ ಹತ್ತಿರ ಹೋದ ದಿನ ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಆಗ ಜಾಸ್ತಿ ಜನ ಮೊದಲು ಎಚ್‌ಆರ್ ಮ್ಯಾನೇಜರ್ ಹುಡುಕುತ್ತಾರೆ. ಅದು ಆಮೇಲೆ ಮಾಡಿ.

ಮೊದಲು ಒಂದು ದೊಡ್ಡ ಹಾಳೆ ತಗೊಳ್ಳಿ. ಜನರ ಹೆಸರು ಬರೆಯಬೇಡಿ, ಕೆಲಸಗಳನ್ನು ಬರೆಯಿರಿ: ಕೊಟೇಶನ್, ಖರೀದಿ, ಪ್ಲಾನಿಂಗ್, ಸೆಟ್ಟಿಂಗ್ (ಜಾಬ್‌ಗೆ ಮಷಿನ್ ಸಜ್ಜು ಮಾಡುವುದು), ಇನ್‌ಸ್ಪೆಕ್ಷನ್, ಡಿಸ್‌ಪ್ಯಾಚ್, ಹಾಜರಿ, ಸಂಬಳ. ಆಮೇಲೆ ಒಂದೊಂದರ ಮುಂದೆ ಒಂದೇ ಹೆಸರು. ನಿಮ್ಮ ಹೆಸರು ಎಷ್ಟು ಸಲ ಬಂದಿದೆ ಎಂದು ನೋಡಿದರೆ ಯಾವುದನ್ನು ಬೇರೆಯವರಿಗೆ ಬಿಟ್ಟುಕೊಡಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಈಗ ಒಬ್ಬೊಬ್ಬರಿಗೂ ಮೇಲಿನವರು ಒಬ್ಬರೇ ಇರುವಂತೆ ಗೆರೆ ಎಳೆಯಿರಿ. ಇದು ತುಂಬಾ ಮುಖ್ಯ. ಸೂಪರ್‌ವೈಸರ್ ಬೆಳಿಗ್ಗೆ ಒಂದು ಜಾಬ್ ಹಾಕಿಸಿರುತ್ತಾರೆ, ಸೆಟ್ಟರ್ ಪೀಸ್ ಹಿಡಿಯುವ ಜಾ ಬದಲಿಸಿ, ಟೂಲ್‌ನ ಅಳತೆ ಹೊಂದಿಸುವ ಆಫ್‌ಸೆಟ್ ತೆಗೆದು, ಮೊದಲ ಪೀಸ್ ಪಾಸ್ ಮಾಡಿಸಿರುತ್ತಾನೆ, ಅಷ್ಟರಲ್ಲಿ ಓನರ್ ಬಂದು "ಇದು ಬಿಡು, ಆ ಅರ್ಜೆಂಟ್ ಆರ್ಡರ್ ಹಾಕು" ಎನ್ನುತ್ತಾರೆ. ಸೆಟ್ಟಿಂಗ್ ಸಮಯ ಎರಡು ಸಲ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ, ಸೂಪರ್‌ವೈಸರ್ ಮಾತಿಗೆ ನಾಳೆಯಿಂದ ಬೆಲೆ ಇರುವುದಿಲ್ಲ. ಅರ್ಜೆಂಟ್ ಇದ್ದರೆ ಅವರಿಗೇ ಹೇಳಿ, ಬದಲಾವಣೆ ಅವರ ಬಾಯಿಂದಲೇ ಹೋಗಲಿ. ಮನೆಯವರು, ಅಣ್ಣ, ಬಾಮೈದ ಯಾರೇ ಶಾಪ್‌ಗೆ ಬಂದರೂ ಇದೇ ನಿಯಮ.

ಸೂಪರ್‌ವೈಸರ್ ಎಂದು ಹೆಸರು ಕೊಟ್ಟು ಅಧಿಕಾರ ಕೊಡದಿದ್ದರೆ ಸುಮ್ನೆ ಆಗುತ್ತದೆ. ಎರಡು ದಿನದವರೆಗಿನ ರಜ, ಇಂತಿಷ್ಟು ರೂಪಾಯಿವರೆಗಿನ ಟೂಲ್ ಖರೀದಿ, ಶಿಫ್ಟ್ ಬದಲಾವಣೆ ಅವರೇ ತೀರ್ಮಾನಿಸಲಿ. ಮಿತಿ ಎಷ್ಟು ಎಂದು ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕಿ.

ಒಂದು ಗೆರೆ ಮಾತ್ರ ಬೇರೆ ಕಡೆ ಹೋಗಬೇಕು: ಕ್ವಾಲಿಟಿ. ಇನ್‌ಸ್ಪೆಕ್ಟರ್ ಪ್ರೊಡಕ್ಷನ್ ಕೈಕೆಳಗೆ ಇದ್ದರೆ ತಿಂಗಳ ಕೊನೆಯಲ್ಲಿ ಬೋರ್ (ಒಳಗಿನ ತೂತು) ಮಿತಿಗಿಂತ ಎರಡು ಮೈಕ್ರಾನ್ ಜಾಸ್ತಿ ಬಂದ ಪೀಸನ್ನು ತಡೆಯುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಚಿಕ್ಕ ಶಾಪ್ ಆದರೂ ಅವನು ನೇರವಾಗಿ ನಿಮಗೇ ರಿಪೋರ್ಟ್ ಮಾಡಲಿ.

ಇನ್ನು ಕಾಗದಪತ್ರ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕಡ್ಡಾಯ, ಹೆಲ್ಪರ್‌ಗೂ ಕೊಡಬೇಕು. ಅದರಲ್ಲಿ ಹುದ್ದೆ, ಸಂಬಳದ ವಿವರದ ಜೊತೆಗೆ ಯಾರ ಕೈಕೆಳಗೆ ಕೆಲಸ ಎಂಬ ಒಂದು ಸಾಲನ್ನೂ ಸೇರಿಸಿ. ಹತ್ತು ಜನ ಆದಾಗ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಬರುತ್ತದೆ, ತಿಂಗಳ ವೇತನ 21,000 ರೂಪಾಯಿವರೆಗಿನವರಿಗೆ. ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿಯೂ ಹತ್ತಕ್ಕೇ ಬೇಕು, ಅದರ ಅಧ್ಯಕ್ಷತೆ ಮಹಿಳೆಯದ್ದೇ ಆಗಿರಬೇಕು. ಇಪ್ಪತ್ತಕ್ಕೆ ಪಿಎಫ್. ಹತ್ತೊಂಬತ್ತಕ್ಕೇ ನಿಲ್ಲಿಸಿ ಉಳಿದವರನ್ನು ರಿಜಿಸ್ಟರ್‌ನಿಂದ ಹೊರಗಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ಅವರ ಮುಪ್ಪಿನ ದುಡ್ಡು ಅದು. ಓಟಿ ಮಾಡಿಸಿದರೆ ದುಪ್ಪಟ್ಟು ದರ.

ರಜದ ಪಟ್ಟಿಯನ್ನು ವರ್ಷದ ಮೊದಲೇ ಹಾಕಿಬಿಡಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ನಮ್ಮ ರಾಜ್ಯದಲ್ಲಿ ಕೊಡಲೇಬೇಕು, ಹಬ್ಬದ ರಜ ಬೇರೆ. ಆಯುಧ ಪೂಜೆ ಮುಗಿಸಿ ಕಲಬುರಗಿ, ರಾಯಚೂರು ಕಡೆಯ ಹುಡುಗರು ಊರಿಗೆ ಹೊರಟರೆ ಅರ್ಧ ಶಾಪ್ ಖಾಲಿ ಅಲ್ವಾ? ಯಾರು ದಸರಾಕ್ಕೆ, ಯಾರು ದೀಪಾವಳಿಗೆ ಎಂದು ಗಣೇಶನ ಹಬ್ಬದ ಹೊತ್ತಿಗೇ ಸೂಪರ್‌ವೈಸರ್ ಕೂತು ಮಾತಾಡಿಕೊಳ್ಳಲಿ.

ಎಚ್‌ಆರ್‌ಗೆ ಅಂತಲೇ ಒಬ್ಬರನ್ನು ತಗೊಳ್ಳುವುದು ಇಷ್ಟೆಲ್ಲ ಆದ ಮೇಲೆ. ಅಲ್ಲಿಯವರೆಗೆ ಹಾಜರಿ, ಸಂಬಳವನ್ನು ಅಕೌಂಟ್ಸ್ ನೋಡುವವರೇ ಮಾಡಬಹುದು, ಪಿಎಫ್ ಮತ್ತು ಇಎಸ್‌ಐ ಚಲನ್‌ಗಳನ್ನು ಹೊರಗಿನ ಕನ್ಸಲ್ಟೆಂಟ್ ಕಟ್ಟಿಕೊಡುತ್ತಾರೆ. ಆದರೆ ಕಟ್ಟಿದ ರಸೀದಿಯನ್ನು ಪ್ರತಿ ತಿಂಗಳೂ ನೀವೇ ತೆಗೆದು ನೋಡಿ.