ಒಂದು ಸೆಟ್‌ಟಾಪ್ ಬಾಕ್ಸ್, ಮೂರು ಹಳೆಯ ಟಿವಿ: ಗೋಡೆಯೊಳಗಿನ ಕೇಬಲ್ಲನ್ನೇ ಮತ್ತೆ ಬಳಸುವ ಬಗೆ

ಕೇಬಲ್ ಟಿವಿ ಡಿಜಿಟಲ್ ಆಗುವ ಮುಂಚೆ ಮನೆಯಲ್ಲಿ ಎಷ್ಟು ಟಿವಿ ಇದ್ದರೂ ಚಿಂತೆಯಿರಲಿಲ್ಲ. ಕೇಬಲ್‌ನವರ ಕಪ್ಪು ವೈರಿಗೆ ಒಂದು ಸ್ಪ್ಲಿಟರ್ ಹಾಕಿ ಹಾಲ್‌ಗೊಂದು, ಅಡುಗೆಮನೆಗೊಂದು, ಮಹಡಿಗೊಂದು ಎಂದು ಎಳೆದರೆ ಎಲ್ಲ ಕಡೆಯೂ ಎಲ್ಲ ಚಾನೆಲ್ ಬರುತ್ತಿತ್ತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31, ಹಳ್ಳಿಗಳಿಗೆ 2017ರ ಮಾರ್ಚ್ 31 ಎಂದು ಗಡುವು ಬಂತು. ಆಮೇಲೆ ಪ್ರತಿ ಟಿವಿಗೂ ಒಂದೊಂದು ಬಾಕ್ಸ್ ಬೇಕಾಯಿತು. ಗೋಡೆಯ ಪೈಪಿನೊಳಗೆ ಎಳೆದಿದ್ದ ವೈರ್ ಮಾತ್ರ ಇನ್ನೂ ಅಲ್ಲೇ ಇದೆ. ಕೆಟ್ಟಿಲ್ಲದ ಡಬ್ಬಾ ಟಿವಿಯೂ ಇದೆ. ಇವೆರಡನ್ನೂ ಮತ್ತೆ ಕೆಲಸಕ್ಕೆ ಹಚ್ಚುವುದು ಕಷ್ಟವಲ್ಲ, ಆದರೆ ಸಾಮಾನು ಕೊಳ್ಳುವ ಮೊದಲು ಕಾಗದದ ಮೇಲೆ ಸಣ್ಣದೊಂದು ಲೆಕ್ಕ ಹಾಕಬೇಕು.

ಒಂದೇ ಬಾಕ್ಸಿನಿಂದ ಹೊರಡುವುದು ಒಂದೇ ಚಾನೆಲ್. ಹಾಲ್‌ನಲ್ಲಿ ಕ್ರಿಕೆಟ್ ಹಾಕಿದರೆ ಅಜ್ಜಿಯ ಕೋಣೆಯಲ್ಲೂ ಕ್ರಿಕೆಟ್ಟೇ ಬರುತ್ತದೆ. ಒಂದೊಂದು ಕೋಣೆಯಲ್ಲಿ ಒಂದೊಂದು ಚಾನೆಲ್ ಬೇಕೆಂದರೆ ಅಷ್ಟು ಬಾಕ್ಸ್ ಬೇಕೇ ಬೇಕು. ಇದನ್ನು ಮನೆಯವರೆಲ್ಲ ಒಪ್ಪಿದ ಮೇಲೆ ಮುಂದುವರಿಯಿರಿ.

ಟಿವಿಯ ಹಿಂಬದಿ ಏನಿದೆ?

ನೋಡಬೇಕಾದದ್ದು ಹೊರಗಿನ ಸಾಕೆಟ್‌ಗಳನ್ನು ಮಾತ್ರ. ಪಿಕ್ಚರ್ ಟ್ಯೂಬ್ ಟಿವಿಯ ಹಿಂದಿನ ಮುಚ್ಚಳ ತೆಗೆಯಬೇಡಿ. ಕಲರ್ ಟ್ಯೂಬಿನಲ್ಲಿ 20,000 ವೋಲ್ಟ್‌ಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಕಾಲ ಉಳಿದಿರುತ್ತದೆ.

ಹಳದಿ, ಬಿಳಿ, ಕೆಂಪು ತೂತುಗಳಿದ್ದರೆ ಅದು ಎವಿ ಇನ್‌ಪುಟ್. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಎಡಗಡೆ ಧ್ವನಿ, ಕೆಂಪಿನಲ್ಲಿ ಬಲಗಡೆ ಧ್ವನಿ. ಹಳದಿ, ಬಿಳಿ ಎರಡೇ ಇದ್ದರೆ ಟಿವಿ ಮೋನೊ. ಬಾಕ್ಸಿನ ಆಡಿಯೊ ಸೆಟ್ಟಿಂಗ್‌ನಲ್ಲಿ ಮೋನೊ ಇಟ್ಟು ಬಿಳಿ ಪಿನ್ ಒಂದನ್ನೇ ಹಾಕಿ. ಎವಿ ಇಲ್ಲದೆ ಆಂಟೆನಾ ಸಾಕೆಟ್ ಒಂದೇ ಇದ್ದರೆ ಎವಿಯನ್ನು ಟಿವಿ ಚಾನೆಲ್ಲಾಗಿ ಬದಲಿಸುವ ಮಾಡ್ಯುಲೇಟರ್ ಇಲ್ಲದೆ ಆಗುವುದಿಲ್ಲ. ಇನ್ನೂ ಹಳೆಯ ಕಪ್ಪುಬಿಳುಪು ಸೆಟ್‌ಗಳಲ್ಲಿ ಚಪ್ಪಟೆ ವೈರ್ ಬಿಗಿಯುವ ಎರಡು ಸ್ಕ್ರೂ ಇರುತ್ತವೆ. ಅದು 300 ಓಮ್ ಇನ್‌ಪುಟ್. ಅದಕ್ಕೆ 75ರಿಂದ 300 ಓಮ್‌ಗೆ ಬದಲಿಸುವ, ‘ಬಲೂನ್’ (balun) ಎಂಬ ಬೆರಳುದ್ದದ ಅಡಾಪ್ಟರ್ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಬೀದಿಯಲ್ಲಿ ‘ಆಂಟೆನಾ ಬಲೂನ್’ ಎಂದು ಕೇಳಿ.

ಟಿವಿ ಒಂದೇ ಆಗಿದ್ದು ಹತ್ತಿರದಲ್ಲಿದ್ದರೆ

ಬಾಕ್ಸಿನಿಂದ ಎವಿ ವೈರ್ ನೇರವಾಗಿ ಎಳೆಯುವುದೇ ಒಳ್ಳೆಯದು. ಚಿತ್ರ ಮಾಡ್ಯುಲೇಟರಿನದಕ್ಕಿಂತ ಚೆನ್ನಾಗಿರುತ್ತದೆ. ಅಂಗಡಿಯ ತೆಳು ಎವಿ ವೈರ್ 5 ಮೀಟರ್‌ವರೆಗೆ ಪರವಾಗಿಲ್ಲ. ಅದಕ್ಕಿಂತ ದೂರವಾದರೆ ಚಿತ್ರಕ್ಕೆ ಗೋಡೆಯೊಳಗಿನ ಆರ್‌ಜಿ 6 ಕೇಬಲ್ಲನ್ನೇ (ಕೇಬಲ್‌ನವರ ಆ ಕಪ್ಪು ವೈರ್) ಬಳಸಿ, ಎರಡು ತುದಿಗೂ ಎಫ್ ಕನೆಕ್ಟರ್‌ನಿಂದ (ಕೇಬಲ್ ತುದಿಯ ತಿರುಗಿಸಿ ಬಿಗಿಯುವ ಪಿನ್) ಎವಿ ಪಿನ್‌ಗೆ ಬದಲಿಸುವ ಅಡಾಪ್ಟರ್ ಹಾಕಿ. ಚಿತ್ರದ ಸಿಗ್ನಲ್ ಸುಮಾರು 5 ಮೆಗಾಹರ್ಟ್ಸ್‌ನೊಳಗೇ ಇರುವುದರಿಂದ 30 ಮೀಟರ್ ಎಳೆದರೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಧ್ವನಿಗೆ ಇನ್ನೊಂದು ಶೀಲ್ಡ್ ವೈರ್ ಬೇಕು.

ಈಗಿನ ಬಾಕ್ಸ್‌ಗಳಲ್ಲಿ ಮೂರು ತೂತಿನ ಬದಲು ಹೆಡ್‌ಫೋನ್ ಪಿನ್ನಿನಂಥ ಒಂದೇ ಎವಿ ಜಾಕ್ ಇರುವುದುಂಟು. ಪಿನ್ನಿನ ಯಾವ ಉಂಗುರದಲ್ಲಿ ಚಿತ್ರ, ಯಾವುದರಲ್ಲಿ ಧ್ವನಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಬೇರೆ ಬಾಕ್ಸಿನ ವೈರ್ ಹಾಕಿದಾಗ ಪರದೆ ಕಪ್ಪಾಗಿದ್ದು ಸ್ಪೀಕರಿನಲ್ಲಿ ಗುರ್ ಎಂಬ ಸದ್ದು ಬಂದರೆ, ಕೆಂಪು ಪಿನ್ನನ್ನು ಹಳದಿ ತೂತಿಗೆ ಹಾಕಿ ನೋಡಿ, ಆಮೇಲೆ ಬಿಳಿಯದನ್ನು. ಇದರಿಂದ ಏನೂ ಸುಟ್ಟುಹೋಗುವುದಿಲ್ಲ. ಯಾವುದರಲ್ಲಿ ಹಾಕಿದರೂ ಬಾರದಿದ್ದರೆ ಆ ಬಾಕ್ಸಿನದೇ ವೈರ್ ತರಿಸಿ.

ಎರಡು ಟಿವಿಗೆ ಎಂದು ಹಳದಿ ವೈರನ್ನು ವೈ ಜೋಡಿ ಹಾಕಿ ಕವಲು ಮಾಡಬೇಡಿ. ಚಿತ್ರದ ಸಿಗ್ನಲ್ ಒಂದು ವೋಲ್ಟಿನದು, ಒಂದು 75 ಓಮ್ ಟಿವಿಗೆ ಲೆಕ್ಕ ಹಾಕಿ ಕೊಟ್ಟದ್ದು. ಎರಡು ಟಿವಿ ಸೇರಿದಾಗ ಅದು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಚಿತ್ರ ಮಂಕಾಗುತ್ತದೆ, ಕೆಲವು ಸೆಟ್‌ಗಳಲ್ಲಿ ಮೇಲೆ ಕೆಳಗೆ ಉರುಳಲು ಶುರುವಾಗುತ್ತದೆ. ಇದಕ್ಕೆ ಒಂದು ಇನ್‌ಪುಟ್, ನಾಲ್ಕು ಔಟ್‌ಪುಟ್ ಇರುವ, ಕರೆಂಟಿನಿಂದ ನಡೆಯುವ ಎವಿ ಡಿಸ್ಟ್ರಿಬ್ಯೂಷನ್ ಆಂಪ್ಲಿಫೈಯರ್ ಬೇಕು.

ಬಾಕ್ಸಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ

ಎಚ್‌ಡಿಎಂಐಯಿಂದ ಎವಿಗೆ ಬದಲಿಸುವ ಸಣ್ಣ ಕನ್ವರ್ಟರ್ ಬೇಕು. ನೋಡಲು ಹಾಗೆಯೇ ಇರುವ, ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಡಬ್ಬಿಯೂ ಪಕ್ಕದಲ್ಲೇ ಮಾರಾಟಕ್ಕಿರುತ್ತದೆ. ಅದು ತದ್ವಿರುದ್ಧ ಕೆಲಸದ್ದು. ತಿರುಗಿಸಿ ಹಾಕಿದರೆ ನಡೆಯುವುದಿಲ್ಲ. ಡಬ್ಬಿಯ ಮೇಲೆ ಬರೆದ ‘ಇನ್‌ಪುಟ್’ ಎಂಬುದು ಎಚ್‌ಡಿಎಂಐ ಕಡೆಗೇ ಇದೆಯೇ ನೋಡಿ. 5 ವೋಲ್ಟ್, 1 ಆಂಪ್ ಮೊಬೈಲ್ ಚಾರ್ಜರ್ ಕೊಡಿ. ಕರೆಂಟ್ ಸಾಲದಿದ್ದರೆ ಚಿತ್ರ ಬಂದು ಹೋಗಿ ಮಾಡುತ್ತದೆ. ಬದಿಯ ಸ್ವಿಚ್ ಪಾಲ್ (ನಮ್ಮ ದೇಶದ ಹಳೆಯ ಟಿವಿಗಳ ಪದ್ಧತಿ) ಕಡೆಗಿರಲಿ. ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿ) ಕಡೆಗಿದ್ದರೆ ಹಳೆಯ ಸೆಟ್ಟಿನಲ್ಲಿ ಬಣ್ಣ ಹೋಗುತ್ತದೆ, ಇಲ್ಲವೇ ಚಿತ್ರ ಉರುಳುತ್ತದೆ. ಒಟಿಟಿ ಸ್ಟಿಕ್ ಹಾಕಿದಾಗ ಮೆನು ಕಂಡು ಸಿನಿಮಾ ಮಾತ್ರ ಕಪ್ಪಾಗಿದ್ದರೆ ಅದು ಕಾಪಿ ತಡೆಯುವ ಎಚ್‌ಡಿಸಿಪಿಯ ಕೆಲಸ. ಅದನ್ನು ಒಪ್ಪುವ ಕನ್ವರ್ಟರನ್ನೇ ಕೊಳ್ಳಬೇಕು.

ಅಗಲದ ಚಿತ್ರ ಚೌಕ ಪರದೆಗೆ ಬಂದಾಗ ಮನುಷ್ಯರು ಸಣಕಲಾಗಿ ಉದ್ದ ಕಾಣುತ್ತಾರೆ. ಬಾಕ್ಸಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 4:3, ಲೆಟರ್‌ಬಾಕ್ಸ್ ಆರಿಸಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೂ ಮುಖಗಳು ಸರಿಯಾಗುತ್ತವೆ.

ಮೂರು ಟಿವಿಗೆ: ಮಾಡ್ಯುಲೇಟರ್

ಈ ಡಬ್ಬಿ ಎವಿ ಸಿಗ್ನಲ್ಲನ್ನು ಹಳೆಯ ಕಾಲದ ಒಂದು ಚಾನೆಲ್ಲಾಗಿ ಮಾಡಿ ಕೊಡುತ್ತದೆ. ಚಿತ್ರ, ಧ್ವನಿ ಎರಡೂ ಒಂದೇ ವೈರಿನಲ್ಲಿ ಹೋಗುತ್ತವೆ. ಎಲ್ಲ ಟಿವಿಯಲ್ಲೂ ಆ ಚಾನೆಲ್ ಟ್ಯೂನ್ ಮಾಡಿಟ್ಟರೆ ಮುಗಿಯಿತು.

ಕೊಳ್ಳುವಾಗ ಪಾಲ್ ಬಿ/ಜಿ ಎಂದು ಬರೆದಿರಬೇಕು. ನಮ್ಮ ದೇಶದ ಹಳೆಯ ಟಿವಿಗಳಲ್ಲಿ ಚಿತ್ರಕ್ಕಿಂತ 5.5 ಮೆಗಾಹರ್ಟ್ಸ್ ಮೇಲೆ ಧ್ವನಿ ಇರುತ್ತದೆ. ಅಮೆರಿಕದ ಮಾಡ್ಯುಲೇಟರಿನಲ್ಲಿ ಅದು 4.5. ಕೆಲವು ಡಬ್ಬಿಗಳಲ್ಲಿ 5.5, 6.0, 6.5 ಎಂದು ಆರಿಸಿಕೊಳ್ಳಬಹುದು. ಚಿತ್ರ ಸ್ವಚ್ಛವಾಗಿ ಬಂದು ಧ್ವನಿಯ ಜಾಗದಲ್ಲಿ ಬರೀ ‘ಸ್ಸ್’ ಎಂದು ಕೇಳಿದರೆ ತೊಂದರೆ ಬೇರೆಲ್ಲೂ ಇಲ್ಲ, ಇಲ್ಲೇ ಇದೆ.

ಅಟ್ಟದ ಮೇಲೆ ಕೆಡದ ವಿಸಿಆರ್ ಇದ್ದರೆ ಹೊಸ ಮಾಡ್ಯುಲೇಟರ್ ಬೇಕಾಗದೇ ಇರಬಹುದು. ವಿಸಿಆರ್‌ನ ಎವಿ ಇನ್‌ಪುಟ್‌ಗೆ ಬಾಕ್ಸ್ ಜೋಡಿಸಿ, ಅದರ ಆರ್‌ಎಫ್ ಔಟ್ ತೆಗೆದುಕೊಂಡರೆ ಸಾಮಾನ್ಯವಾಗಿ ಯುಎಚ್‌ಎಫ್ (ಮೇಲಿನ ಬ್ಯಾಂಡ್) ಚಾನೆಲ್ 36ರ ಆಸುಪಾಸಿನಲ್ಲಿ ಚಿತ್ರ ಸಿಗುತ್ತದೆ. ತಿರುಗುಗುಬ್ಬಿಯ ಕಪ್ಪುಬಿಳುಪು ಟಿವಿಗಳಲ್ಲಿ ಹೆಚ್ಚಿನವು 2ರಿಂದ 12ರವರೆಗಿನ ವಿಎಚ್‌ಎಫ್ (ಕೆಳಗಿನ ಬ್ಯಾಂಡ್) ಮಾತ್ರ ಹಿಡಿಯುತ್ತವೆ, ಅವಕ್ಕೆ ಇದು ಆಗದು.

ಇನ್ನು ಲೆಕ್ಕ. ಆಂಟೆನಾ ಸಾಕೆಟ್ಟಿಗೆ ತಲುಪುವ ಸಿಗ್ನಲ್ 60ರಿಂದ 80 ಡಿಬಿ ಮೈಕ್ರೋವೋಲ್ಟ್ (ಸಿಗ್ನಲ್ಲಿನ ಬಲ ಅಳೆಯುವ ಮಾನ) ನಡುವೆ ಇರಬೇಕು. ಕಡಿಮೆಯಾದರೆ ಗ್ರೇನ್ಸ್, ಹೆಚ್ಚಾದರೆ ಗೆರೆಗಳು. ಮಾಡ್ಯುಲೇಟರಿನ ಮೇಲೆ ಡಿಬಿ ಮಿಲಿವೋಲ್ಟ್‌ನಲ್ಲಿ ಬರೆದಿದ್ದರೆ 60 ಕೂಡಿಸಿಕೊಳ್ಳಿ. ಉದಾಹರಣೆಗೆ ಔಟ್‌ಪುಟ್ 75 ಎಂದಿಟ್ಟುಕೊಳ್ಳಿ. ನಾಲ್ಕು ದಾರಿಯ ಸ್ಪ್ಲಿಟರ್ ಸುಮಾರು 7ರಿಂದ 8 ಡಿಬಿ ತಿನ್ನುತ್ತದೆ (ಎರಡು ದಾರಿಯದು 3.5ರಿಂದ 4, ಎಂಟು ದಾರಿಯದು 11ರಿಂದ 12). ಆರ್‌ಜಿ 6 ಕೇಬಲ್ 200 ಮೆಗಾಹರ್ಟ್ಸ್ ಹತ್ತಿರ 100 ಮೀಟರಿಗೆ ಸುಮಾರು 10 ತಿನ್ನುತ್ತದೆ. ಮಹಡಿಯವರೆಗೆ 25 ಮೀಟರ್ ಆದರೆ 2.5. ಜೋಡಣೆಗಳಿಗೆ 1 ಬಿಡಿ. ಒಟ್ಟು ಸುಮಾರು 11.5 ಕಳೆದು ಟಿವಿಗೆ 63.5 ಸಿಗುತ್ತದೆ, ಸಾಕು. ಎಂಟು ದಾರಿಯ ಸ್ಪ್ಲಿಟರ್ ಹಾಕಿದ್ದರೆ 60ಕ್ಕಿಂತ ಕೆಳಗಿಳಿದು ಗ್ರೇನ್ಸ್ ಶುರುವಾಗುತ್ತಿತ್ತು. ಮೂರು ಟಿವಿಗೆ ನಾಲ್ಕು ದಾರಿಯದನ್ನೇ ಕೊಂಡು, ಖಾಲಿ ಉಳಿದ ತುದಿಗೆ 75 ಓಮ್ ಟರ್ಮಿನೇಟರ್ (ಸಿಗ್ನಲ್ ಹಿಂದಕ್ಕೆ ಪುಟಿಯದಂತೆ ತಡೆಯುವ ಮುಚ್ಚಳ) ತಿರುಗಿಸಿ. ‘ಮುಂದೆ ಬೇಕಾಗಬಹುದು’ ಎಂದು ಎಂಟು ದಾರಿಯದು ಹಾಕುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು.

ಬೂಸ್ಟರ್ ಬೇಕೇ ಬೇಕಾದರೆ ಮಾಡ್ಯುಲೇಟರ್ ಆದ ಕೂಡಲೇ, ಸ್ಪ್ಲಿಟರಿಗೆ ಮುಂಚೆ ಹಾಕಿ. ಟಿವಿಯ ಹತ್ತಿರ ಹಾಕಿದರೆ ಸಿಗ್ನಲ್ ಜೊತೆ ಗ್ರೇನ್ಸ್ ಕೂಡ ದೊಡ್ಡದಾಗುತ್ತದೆ.

ಕೆಲಸದ ಕ್ರಮ

1. ಹಳೆಯ ವೈರಿನ ಎರಡೂ ತುದಿ ಹುಡುಕಿ. ಹೊರಗಿನಿಂದ ಬರುವ ಕೇಬಲ್‌ನವರ ಲೈನನ್ನು ಈ ಜಾಲದಿಂದ ಪೂರ್ತಿ ಬಿಡಿಸಿ. ಅದು ಸೆಟ್‌ಟಾಪ್ ಬಾಕ್ಸಿಗೆ ಮಾತ್ರ ಹೋಗಬೇಕು. ಇಲ್ಲದಿದ್ದರೆ ನಿಮ್ಮ ಮಾಡ್ಯುಲೇಟರಿನ ಸಿಗ್ನಲ್ ಬೀದಿಯ ಲೈನಿಗೆ ಸೋರುತ್ತದೆ. ಚಾವಣಿಯ ಆಂಟೆನಾಗೂ ತಗುಲಬಾರದು. ಪರವಾನಗಿ ಇಲ್ಲದೆ ಗಾಳಿಗೆ ಸಿಗ್ನಲ್ ಬಿಡುವುದು ಕಾನೂನಿಗೆ ವಿರುದ್ಧ.

2. ಡಿಶ್‌ನಿಂದ ಇಳಿದ ವೈರನ್ನು ಮುಟ್ಟಬೇಡಿ. ಅದರಲ್ಲಿ ಬಾಕ್ಸ್ ಡಿಶ್‌ಗೆ ಕಳಿಸುವ 13 ಅಥವಾ 18 ವೋಲ್ಟ್ ಇರುತ್ತದೆ. ಸಿಗ್ನಲ್ಲೂ 950 ಮೆಗಾಹರ್ಟ್ಸ್‌ಗಿಂತ ಮೇಲಿನದು. ಅದನ್ನು ಸಾಮಾನ್ಯ ಸ್ಪ್ಲಿಟರಿಗೆ ಕೊಟ್ಟರೆ ಪ್ರಯೋಜನವಿಲ್ಲ, ಹಾನಿಯಾಗಬಹುದು.

3. ಮಲ್ಟಿಮೀಟರಿನಿಂದ ವೈರ್ ಪರೀಕ್ಷಿಸಿ. ಎರಡೂ ತುದಿ ಬಿಡಿಯಾಗಿದ್ದಾಗ ನಡುವಿನ ತಂತಿಗೂ ಹೊರಜಾಲರಿಗೂ ಸಂಪರ್ಕ ತೋರಬಾರದು. ಒಂದು ತುದಿಯಲ್ಲಿ ಅವೆರಡನ್ನೂ ಸೇರಿಸಿ ಹಿಡಿದರೆ ಇನ್ನೊಂದು ತುದಿಯಲ್ಲಿ ಕೆಲವೇ ಓಮ್ ತೋರಬೇಕು. ಏನೂ ತೋರದಿದ್ದರೆ ಎಲ್ಲೋ ತುಂಡಾಗಿದೆ. ಹಳೆಯದನ್ನೇ ದಾರ ಮಾಡಿಕೊಂಡು ಹೊಸ ವೈರನ್ನು ಪೈಪಿನಲ್ಲಿ ಎಳೆಯಿರಿ.

4. ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಕಂಡಲ್ಲೆಲ್ಲ ಕತ್ತರಿಸಿ ಎಫ್ ಕನೆಕ್ಟರ್ ಹಾಕಿ. ಮೇಲಿನ ಕಪ್ಪು ಹೊದಿಕೆ 12 ಮಿಲಿಮೀಟರ್ ತೆಗೆದು ಜಾಲರಿಯನ್ನು ಹಿಂದಕ್ಕೆ ಮಡಚಿ. ಒಳಗಿನ ಬಿಳಿ ಪ್ಲಾಸ್ಟಿಕ್ಕನ್ನು ತುದಿಯಿಂದ 6 ಮಿಲಿಮೀಟರ್ ಬಿಡಿಸಿ. ಬಿಗಿ ಮಾಡಿದ ಮೇಲೆ ನಡುವಿನ ತಂತಿ ಕನೆಕ್ಟರಿನ ಅಂಚಿನಿಂದ 2–3 ಮಿಲಿಮೀಟರ್ ಹೊರಗಿರಬೇಕು. ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಗುಲಿದರೂ ಆ ಕೋಣೆಯ ಚಿತ್ರ ಹೋಗುತ್ತದೆ, ಹಾಗಾಗಿ ಕಣ್ಣಿಟ್ಟು ನೋಡಿ.

5. ಎಲ್ಲ ಪ್ಲಗ್ ಕಿತ್ತು ಜೋಡಿಸಿ: ಬಾಕ್ಸಿನ ಎವಿಯಿಂದ ಮಾಡ್ಯುಲೇಟರ್, ಅಲ್ಲಿಂದ ಸ್ಪ್ಲಿಟರಿನ ‘ಇನ್’, ಅದರ ‘ಔಟ್’ಗಳಿಂದ ಕೋಣೆಗಳಿಗೆ. ಟಿವಿಯ ಕಡೆ ತಳ್ಳಿ ಹಾಕುವ ಆಂಟೆನಾ ಪಿನ್ ಬೇಕು. ಕರೆಂಟ್ ವೈರಿನ ಪೈಪಿನಲ್ಲಿ ಈ ಕೇಬಲ್ ಸೇರಿಸಬೇಡಿ.

6. ಮಾಡ್ಯುಲೇಟರನ್ನು ವಿಎಚ್‌ಎಫ್‌ನ 5ರಿಂದ 12ರೊಳಗಿನ ಚಾನೆಲ್ಲಿಗೆ ಇಡಿ. ಯುಎಚ್‌ಎಫ್‌ಗಿಂತ ಇಲ್ಲಿ ಕೇಬಲ್ ನಷ್ಟ ಕಡಿಮೆ, ಹಳೆಯ ಟ್ಯೂನರ್‌ಗಳೂ ಹಿಡಿಯುತ್ತವೆ. ಟಿವಿಯ ಮ್ಯಾನುವಲ್ ಸರ್ಚ್‌ನಲ್ಲಿ ‘ವಿಎಚ್’ ಬ್ಯಾಂಡ್, ಸಿಸ್ಟಮ್ ಬಿ/ಜಿ, ಕಲರ್ ಪಾಲ್ ಆರಿಸಿ ಹುಡುಕಿ. ಮೊದಲು ಮಾಡ್ಯುಲೇಟರಿನ ಪಕ್ಕದಲ್ಲೇ ಒಂದು ಟಿವಿ ಇಟ್ಟು ಸಣ್ಣ ವೈರಿನಲ್ಲಿ ನೋಡಿ. ಇಲ್ಲಿ ಸರಿ ಬಂದು ಕೋಣೆಯಲ್ಲಿ ಬಾರದಿದ್ದರೆ ತಪ್ಪು ವೈರಿನದು ಎಂದು ಖಚಿತವಾಗುತ್ತದೆ.

ಎರಡು ಬಾಕ್ಸಿಗೆ ಎರಡು ಮಾಡ್ಯುಲೇಟರ್ ಹಾಕಿ, ಎರಡು ದಾರಿಯ ಸ್ಪ್ಲಿಟರನ್ನು ತಿರುಗಿಸಿ ಸೇರಿಸಬಹುದು. ಆದರೆ ಪಕ್ಕಪಕ್ಕದ ಚಾನೆಲ್ ಬೇಡ. ಅಗ್ಗದ ಮಾಡ್ಯುಲೇಟರ್‌ಗಳು ತಮ್ಮ ಚಾನೆಲ್ಲಿನ ಕೆಳಗಡೆಗೂ ಸಿಗ್ನಲ್ ಚೆಲ್ಲುತ್ತವೆ. ಒಂದನ್ನು 6ಕ್ಕೆ, ಇನ್ನೊಂದನ್ನು 9ಕ್ಕೆ ಇಡಿ.

ಚಿತ್ರ ನೋಡಿಯೇ ತಪ್ಪು ಹಿಡಿಯುವುದು

ಒಂದೇ ಕೋಣೆಯಲ್ಲಿ ಗ್ರೇನ್ಸ್ ಇದ್ದರೆ ಆ ವೈರಿನ ಕನೆಕ್ಟರ್ ಲೂಸ್. ಎಲ್ಲ ಕಡೆ ಇದ್ದರೆ ಸಿಗ್ನಲ್ಲೇ ಕಡಿಮೆ. ಮೀನಿನ ಮುಳ್ಳಿನಂತೆ ಓರೆ ಗೆರೆಗಳು ಬಂದರೆ ಸಿಗ್ನಲ್ ಹೆಚ್ಚಾಗಿದೆ ಅಥವಾ ಬೇರೆ ಚಾನೆಲ್ ತಾಗುತ್ತಿದೆ. ಬೂಸ್ಟರ್ ತೆಗೆದು, ಚಾನೆಲ್ ಬದಲಿಸಿ ನೋಡಿ. ಚಿತ್ರದ ಬಲಕ್ಕೆ ಇನ್ನೊಂದು ತೆಳು ನೆರಳು ಕಂಡರೆ ಎಲ್ಲೋ ಸಿಗ್ನಲ್ ಹಿಂದಕ್ಕೆ ಪುಟಿಯುತ್ತಿದೆ, ಅಂದರೆ ಟರ್ಮಿನೇಟರ್ ಇಲ್ಲದ ತುದಿ ಅಥವಾ ಕೆಟ್ಟ ಜಾಯಿಂಟ್ ಇದೆ. ಅಗಲವಾದ ಮಬ್ಬು ಪಟ್ಟಿ ನಿಧಾನವಾಗಿ ಮೇಲೇರುತ್ತ ಜೊತೆಗೆ ‘ಹುಂ’ ಎಂಬ ಸದ್ದಿದ್ದರೆ ಕರೆಂಟ್ ಸೇರುತ್ತಿದೆ. ಮೊದಲು ಮಾಡ್ಯುಲೇಟರಿನ ಅಡಾಪ್ಟರ್ ಬದಲಿಸಿ, ಆಮೇಲೆ ಆ ಕೋಣೆಯ ವೈರಿಗೆ, ಕರೆಂಟ್ ತಡೆದು ಸಿಗ್ನಲ್ ಮಾತ್ರ ಬಿಡುವ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿ. ಕನೆಕ್ಟರ್ ಮುಟ್ಟಿದಾಗ ಕೈ ಜುಮ್ಮೆಂದರೆ ಯಾವುದೋ ಉಪಕರಣದಿಂದ ಕರೆಂಟ್ ಸೋರುತ್ತಿದೆ; ಎಲೆಕ್ಟ್ರಿಷಿಯನ್‌ಗೆ ಅರ್ಥಿಂಗ್ ತೋರಿಸುವವರೆಗೆ ಬಳಸಬೇಡಿ.

ವೈರ್ ಇಲ್ಲದೆ ಎವಿ ಕಳಿಸುವ ಜೋಡಿ ಡಬ್ಬಿಗಳೂ ಸಿಗುತ್ತವೆ. 2.4 ಗಿಗಾಹರ್ಟ್ಸ್‌ನವು ವೈಫೈ ಜೊತೆ ಜಗಳಕ್ಕೆ ಬೀಳುತ್ತವೆ, ಆರ್‌ಸಿಸಿ ಚಾವಣಿ ದಾಟಿ ಮಹಡಿಗೆ ಹೋಗುವಾಗ ಸೋಲುತ್ತವೆ. ಗೋಡೆಯಲ್ಲಿ ವೈರ್ ಇರುವಾಗ ಅವು ಬೇಡ.

ಕೊನೆಗೆ ಉಳಿಯುವುದು ಮಹಡಿಯಿಂದ ಚಾನೆಲ್ ಬದಲಿಸುವುದು ಹೇಗೆ ಎಂಬುದು. ರಿಮೋಟಿನ ಬೆಳಕು ಗೋಡೆ ದಾಟದು, ಅದಕ್ಕೆ ಐಆರ್ ಎಕ್ಸ್‌ಟೆಂಡರ್ ಬೇಕು. ಮಹಡಿಯಲ್ಲಿ ಹಿಡಿಯುವ ಕಣ್ಣು, ಕೆಳಗೆ ಬಾಕ್ಸಿನ ಮುಂದೆ ಅಂಟಿಸುವ ಪುಟ್ಟ ಎಲ್‌ಇಡಿ, ನಡುವೆ ವೈರ್ ಅಥವಾ ರೇಡಿಯೊ. ಎಲ್‌ಇಡಿಯನ್ನು ಅಂಟಿಸುವ ಮೊದಲು ಟಾರ್ಚ್ ಹಿಡಿದು ಬಾಕ್ಸಿನ ಮುಂಭಾಗದ ಗಾಜಿನ ಹಿಂದೆ ಸಣ್ಣ ಗುಂಡು ಕಣ್ಣು ಎಲ್ಲಿದೆ ನೋಡಿಕೊಳ್ಳಿ. ಅದರ ನೇರಕ್ಕೇ ಅಂಟಿಸಿ, ಮೇಲೊಂದು ಕಪ್ಪು ಟೇಪ್ ಹಾಕಿ. ಹಿಡಿಯುವ ಕಣ್ಣನ್ನು ಡಬ್ಬಾ ಟಿವಿಯ ಮೇಲೆಯೇ ಇಡದೆ ಒಂದೆರಡು ಅಡಿ ದೂರ ಇಡಿ. ಪರದೆಯ ಬೆಳಕು, ಟಿವಿಯೊಳಗಿನ ಸರ್ಕ್ಯೂಟಿನ ಗದ್ದಲ ತಾಗಿದರೆ ಬಟನ್ ಒತ್ತಿದರೂ ಬಾಕ್ಸ್ ಕೇಳುವುದಿಲ್ಲ.