ಸುಟ್ಟ ಗಾಯದ ಮಕ್ಕಳಿಗೆ ಉಸುಕಿನ ಚೀಲ: ನನ್ನ ಅನುಭವ

"ಸುಟ್ಟ ಕೂಸಿಗೆ ಭಾರ ಎತ್ತಸ್ತೀರೇನ್ರೀ ಸರ್?" ವಿಜಯಪುರದಲ್ಲಿ ನನಗೆ ಈ ಪ್ರಶ್ನೆ ಕೇಳದವರಿಲ್ಲ. ಅಜ್ಜಿಯರಷ್ಟೇ ಅಲ್ಲ, ಸೀನಿಯರ್ ಫಿಸಿಯೋಥೆರಪಿಸ್ಟ್‌ಗಳೂ (ಫಿಸಿಯೋ) ಕೇಳಿದರು.

ಕೀಲು ಮಡಚಿಕೊಳ್ಳದಂತೆ ಸ್ಪ್ಲಿಂಟ್ ಎಂಬ ಆಸರೆ ಕಟ್ಟುವುದು, ಸ್ಟ್ರೆಚಿಂಗ್ ಮಾಡಿಸುವುದು ನಾವು ಫಿಸಿಯೋಗಳೆಲ್ಲರೂ ಮಾಡುತ್ತೇವೆ. ಆದರೆ ಮೈ ಜಾಸ್ತಿ ಸುಟ್ಟ ಮಗು ಗಾಯ ಮುಚ್ಚಿದ ಮೇಲೂ ಸೊರಗುತ್ತದೆ. ನಾಡಿ ತಿಂಗಳುಗಟ್ಟಲೆ ಓಡುತ್ತದೆ, ಮಾಂಸ ಕರಗುತ್ತದೆ. ಅಮೆರಿಕದ ಗ್ಯಾಲ್ವೆಸ್ಟನ್ ವೈದ್ಯರು ನಾಡಿ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಮಾಂಸ ಕರಗುವುದನ್ನು ತಡೆಯುತ್ತದೆಂದು 2001ರಲ್ಲೇ ತೋರಿಸಿದ್ದರು. 12 ವಾರ ತೂಕ ಎತ್ತುವ ವ್ಯಾಯಾಮದ ಫಲದ ವರದಿಯೂ ಅದೇ ವರ್ಷ, ಅದೇ ಊರಿಂದ.

ಅವರ ಜಿಮ್ ನಮಗೆಲ್ಲಿಂದ ಬರಬೇಕು? ಚೀಲ ಹೊಲಿಸಿ ಉಸುಕು ತುಂಬಿದೆ. ಅರ್ಧ ಕಿಲೋದಿಂದ ಎರಡು ಕಿಲೋವರೆಗಿನ ಸೆಟ್ ಹೆಚ್ಚೂಕಡಿಮೆ ಮುನ್ನೂರು ರೂಪಾಯಿ. ಮೊದಲು ತಂದ ಗೋಣಿ ಬಟ್ಟೆ ಹೊಸ ಚರ್ಮಕ್ಕೆ ಉಜ್ಜಿ ಗುಳ್ಳೆ ಎದ್ದವು. ಹಳೆ ಕಾಟನ್ ಸೀರೆ ಸುತ್ತಿದ ಮೇಲೆ ನಿಂತವು. ನಿಜವಾಗಿ ದುಡ್ಡು ನುಂಗಿದ್ದು ಪ್ರೆಷರ್ ಗಾರ್ಮೆಂಟ್, ಅಂದರೆ ಕಲೆ ಉಬ್ಬದಂತೆ ಒತ್ತಿ ಹಿಡಿಯುವ ಬಿಗಿ ಉಡುಪು. ದಿನಕ್ಕೆ 23 ಗಂಟೆ ಹಾಕಬೇಕು ಅನ್ನುತ್ತೇವೆ. ನಮ್ಮ ಏಪ್ರಿಲ್ ಬಿಸಿಲಿಗೆ ಯಾವ ಮಗು ಹಾಕೀತು? ಅಷ್ಟರಲ್ಲಿ ಮಗು ಬೆಳೆದು ಅದೂ ಬಿಗಿ. ಮತ್ತೆ ಸಾವಿರಾರು ರೂಪಾಯಿ.

ಪ್ರೊಪ್ರನೊಲಾಲ್ ಮಾತ್ರೆ ಬರೆಯುವುದು, ಡೋಸ್ ಹೊಂದಿಸುವುದು ಡಾಕ್ಟರ ಕೆಲಸ. ಉಬ್ಬಸ ಇರುವ ಮಗುವಿಗೆ ಇದನ್ನು ಕೊಡುವುದಿಲ್ಲ. ನಮಗೆ ಬರುವ ತೊಂದರೆ ಬೇರೆ. ಪ್ರೊಪ್ರನೊಲಾಲ್ ನಾಡಿಯನ್ನೇ ತಡೆಯುವುದರಿಂದ ನಾಡಿ ಹಿಡಿದು ಶ್ರಮ ಅಳೆಯಲಾಗದು. ನಾನು ಏಳರ ಮಗ್ಗಿ ಹೇಳಿಸುತ್ತೇನೆ. ನಡುವೆ ಉಸಿರು ತುಂಡಾದರೆ ತೂಕ ಇಳಿಸುತ್ತೇನೆ. ಮಗ್ಗಿ ಬರದವರಿಗೆ ಊರಿನ ಬಸ್ ಸ್ಟಾಪ್‌ಗಳ ಹೆಸರು! ಖಾಲಿ ಹೊಟ್ಟೆಯಲ್ಲಂತೂ ಶುರುವೇ ಮಾಡಬಾರದು. ಈ ಮಾತ್ರೆಯಲ್ಲಿ ಸಕ್ಕರೆ ಇಳಿಯಬಹುದು, ಇಳಿದರೂ ಎದೆಬಡಿತ ಅಷ್ಟಾಗಿ ಏರುವುದಿಲ್ಲ, ಸುಳಿವು ಸುಲಭವಾಗಿ ಸಿಗದು. ಅದಕ್ಕೇ ನನ್ನ ಟೇಬಲ್ ಮೇಲೆ ಸದಾ ಶೇಂಗಾ ಉಂಡೆ ಇರುತ್ತದೆ. ನೋವಿನ ಸಿರಪ್ ಅರ್ಧ-ಮುಕ್ಕಾಲು ಗಂಟೆ ಮೊದಲೇ ಹೋಗಿರಬೇಕು. ಕಸಿ ಮಾಡಿದ ಚರ್ಮ ಸರಿಯಾಗಿ ಬೆವರುವುದಿಲ್ಲ, ಹಾಗಾಗಿ ಬೇಸಿಗೆಯಲ್ಲಿ ಎಲ್ಲವೂ ಬೆಳಿಗ್ಗೆ ಎಂಟರೊಳಗೆ.

ನಡುವೆ ಪಂಚಮಿ ಬಂತು. ಕಂಕುಳ ಬಿಗಿದಿದ್ದ ಹುಡುಗಿಯನ್ನು ಜೋಕಾಲಿ ಮೇಲೆ ಕೂರಿಸಿದೆ. ಪ್ರತಿದಿನ ಹಗ್ಗದ ಹಿಡಿತ ಒಂದೊಂದು ಬೆರಳು ಮೇಲೆ. ಕ್ಲಿನಿಕ್‌ನಲ್ಲಿ ಕಿರುಚುತ್ತಿದ್ದವಳು ಅಲ್ಲಿ ಇಳಿಯಲು ಒಪ್ಪಲಿಲ್ಲ. ಗಾಳಿಪಟ ಮಾತ್ರ ಫಲ ಕೊಡಲಿಲ್ಲ, ದಾರ ಎಳೆಯುವುದೆಲ್ಲ ಚೆನ್ನಾಗಿದ್ದ ಕೈಯೇ.

ಇಂಡಿ ಕಡೆಯ ಹುಡುಗನೊಬ್ಬ ಮೂರು ತಿಂಗಳಲ್ಲಿ ಸುಮಾರು ಎರಡು ಕಿಲೋ ಮೈ ತುಂಬಿಕೊಂಡ. ಈಗ ಬೇರೆ ಫಿಸಿಯೋಗಳು ಚೀಲದ ಅಳತೆ ಕೇಳಿ ಫೋನ್ ಮಾಡುತ್ತಾರೆ, ಕೊಡುತ್ತೇನೆ. ಬೆರಳು ಬಿಚ್ಚಿಸಲು ಆಡಿಸುವ ಆಟವನ್ನು ಮಾತ್ರ ಬಂದು ನೋಡಿಯೇ ಕಲಿಯಬೇಕು. ಬೆಳಿಗ್ಗೆ ಆರೂವರೆಗೆ ಬನ್ನಿ.